ಅಡುಗೆಮನೆಯ ನೀರು ಕೆಂಪಾದ ದಿನ

ಸೋಲಾಪುರದ ಒಂದು ಕಾಲೇಜಿನ ಲ್ಯಾಬಿನಲ್ಲಿ ನಾನು ಸಂಶೋಧನಾ ಸಹಾಯಕಿ. ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಡೆಯ ಹಳ್ಳಿಗಳ ಬಾವಿ, ಬೋರ್‌ವೆಲ್‌ಗಳಿಂದ ನೀರು ತಂದು, ಬಣ್ಣ ತಯಾರಿಸಲು ಬಳಸುವ ಒಂದು ಜಾತಿಯ ರಾಸಾಯನಿಕ ಅದರಲ್ಲಿದೆಯೇ ಎಂದು ನೋಡುವುದು ನಮ್ಮ ಕೆಲಸವಾಗಿತ್ತು. ಹಳ್ಳಿಯವರು ತಾವೇ ಪರೀಕ್ಷೆ ಮಾಡಿಕೊಳ್ಳಲಿ ಎಂದು ನಮ್ಮ ಮ್ಯಾಡಮ್ ಒಂದು ಸಣ್ಣ ಕಿಟ್ ತಯಾರಿಸಿದ್ದರು. ಒಂದು ಗಾಜಿನ ನಳಿಕೆ, ಮೂರು ಪುಟ್ಟ ಬಾಟಲಿ. ನೀರಿಗೆ ಮೂರರಿಂದಲೂ ಒಂದೊಂದು ಹನಿ ಹಾಕಬೇಕು. ರಾಸಾಯನಿಕವಿದ್ದರೆ ನೀರು ಕೆಂಪಾಗುತ್ತದೆ. ಆರು ತಿಂಗಳು ತಿರುಗಿದರೂ ನಮಗೆ ಕೆಂಪು ಕಂಡಿರಲಿಲ್ಲ.

ನಾನು ವ್ಯಾಪಾರಸ್ಥರ ಮನೆಯ ಸೊಸೆ. ಮಾವನದು ಖಾಲಿ ಡ್ರಮ್ಮುಗಳ ಅಂಗಡಿ. ನಮ್ಮೂರಲ್ಲಿ ನಲ್ಲಿ ನೀರು ದಿನಾ ಬರುವುದಿಲ್ಲ, ಬಂದ ದಿನ ತುಂಬಿಟ್ಟುಕೊಳ್ಳಬೇಕು. ಹಾಗಾಗಿ ಪ್ರತಿ ಮನೆಗೂ ಡ್ರಮ್ ಬೇಕೇ ಬೇಕು. ಗುಜರಿಯವರು ಎಲ್ಲೆಲ್ಲಿಂದಲೋ ತಂದ ನೀಲಿ ಡ್ರಮ್ಮುಗಳನ್ನು ಮಾವ ತೊಳೆಸಿ, ಒಣಗಿಸಿ ಮಾರುತ್ತಿದ್ದರು. ಊರಿನ ನೀರಡಿಕೆ ತಮ್ಮಿಂದಲೇ ತೀರುತ್ತಿದೆ ಎಂಬ ಹೆಮ್ಮೆ ಅವರಿಗಿತ್ತು.

ಒಂದು ಭಾನುವಾರ ಊಟವಾದ ಮೇಲೆ ಅವರು ನನ್ನ ಚೀಲ ನೋಡಿ ಕೇಳಿದರು. “ದಿನಾ ಬಾಟ್ಲಿ ಹಿಡ್ಕೊಂಡು ಊರೂರು ತಿರಗ್ತಿ. ಏನ್ ನೋಡ್ತೀಯವ್ವಾ ಅದರಾಗ? ನನಗೂ ತೋರ್ಸು.”

ನನಗೆ ಖುಷಿಯಾಯಿತು. ಲ್ಯಾಬಿನಲ್ಲೇ ರಾಸಾಯನಿಕ ಬೆರೆಸಿಟ್ಟಿದ್ದ ನೀರನ್ನು ಮೊದಲು ನಳಿಕೆಗೆ ಹಾಕಿ ಮೂರು ಹನಿ ಬಿಟ್ಟೆ. ಕೆಂಪಾಯಿತು. “ಇದು ಕೆಟ್ಟ ನೀರ್ರಿ ಮಾವಾರ. ಈಗ ಚಲೋ ನೀರು ಹೆಂಗಿರ್ತೈತಿ ನೋಡ್ರಿ” ಎಂದು ಅಡುಗೆಮನೆಯ ಡ್ರಮ್ಮಿನಿಂದ ಕುಡಿಯುವ ನೀರು ತಂದು, ಇನ್ನೊಂದು ನಳಿಕೆಗೆ ಸುರಿದು ಹನಿ ಹಾಕಿದೆ.

ಮೂರನೆಯ ಹನಿ ಬಿದ್ದ ಕಡೆ ಗುಲಾಬಿ ಎಳೆಯೊಂದು ಎದ್ದಿತು. ನೋಡುನೋಡುತ್ತಲೇ ಅದು ತಳದವರೆಗೆ ಇಳಿದು ನಳಿಕೆಯೆಲ್ಲ ಕೆಂಪಾಯಿತು.

ನನ್ನ ಐದು ವರ್ಷದ ಮಗಳು ಚಪ್ಪಾಳೆ ತಟ್ಟಿದಳು. “ಅಜ್ಜಾ, ಇದೂ ಚಂದ ಆತು!”

ನಳಿಕೆ ಸರಿಯಾಗಿ ತೊಳೆದಿರಲಿಲ್ಲವೇನೋ ಎಂದು ಹೊಸದೊಂದನ್ನು ತೆಗೆದು ಮತ್ತೆ ಮಾಡಿದೆ. ಮತ್ತೆ ಅದೇ ಕೆಂಪು. ಮಾವ ನಕ್ಕರು. “ನಿನ್ನ ಔಷಧಾನ ಕೆಟ್ಟೈತಿ ನೋಡವ್ವಾ.” ನಾನೂ ನಕ್ಕೆ. ಆದರೂ ಅನುಮಾನ ಹೋಗಲಿಲ್ಲ. ಪಕ್ಕದ ಮನೆಯವರು ಸ್ಟೀಲ್ ಪಾತ್ರೆಯಲ್ಲಿ ನೀರು ತುಂಬಿಡುತ್ತಿದ್ದರು. ಅವರಿಂದ ಒಂದು ತಂಬಿಗೆ ಕೇಳಿ ತಂದು ನೋಡಿದೆ. ಅದೇ ನಲ್ಲಿಯ ನೀರು, ಅದೇ ಔಷಧ. ಬಣ್ಣ ಬರಲಿಲ್ಲ.

ಮರುದಿನ ಮನೆಯ ನೀರನ್ನು ಲ್ಯಾಬಿಗೆ ಒಯ್ದು ದೊಡ್ಡ ಯಂತ್ರಕ್ಕೆ ಹಾಕಿದೆ. ತೆರೆಯ ಮೇಲೆ ರಾಸಾಯನಿಕದ ಗೆರೆ ನೆಟ್ಟಗೆ ಮೇಲೆದ್ದಿತು. ಮ್ಯಾಡಮ್ ಬಗ್ಗಿ ನೋಡಿ, ಇದು ಯಾವ ಬಾವಿ ಎಂದು ಮರಾಠಿಯಲ್ಲಿ ಕೇಳಿದರು. ನಮ್ಮ ಅಡುಗೆಮನೆ ಎಂದೆ. ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. ಮಾವನ ಅಂಗಡಿಯಿಂದ ತಂದ ಡ್ರಮ್ಮಿನ ವಿಷಯ ಹೇಳಿದೆ. ರಾಸಾಯನಿಕ ತುಂಬಿದ್ದ ಡ್ರಮ್ಮನ್ನು ಎಷ್ಟು ತೊಳೆದರೂ ಪ್ಲಾಸ್ಟಿಕ್ಕಿನ ಒಳಗೆ ಹೀರಿಕೊಂಡದ್ದು ಹೋಗುವುದಿಲ್ಲ, ತುಂಬಿದ ನೀರಿಗೆ ಅದು ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ ಎಂದು ವಿವರಿಸಿದರು. ಆಮೇಲೆ ಮೆಲ್ಲಗೆ, ಎಷ್ಟು ವರ್ಷದಿಂದ ಎಂದರು.

ಮಗಳು ಹುಟ್ಟಿದ ವರ್ಷ ತಂದ ಡ್ರಮ್ ಅದು. ಅವಳ ಹಾಲಿನ ಪುಡಿಯನ್ನು ಕಲೆಸಿದ್ದು ಅದೇ ನೀರಿನಲ್ಲಿ.

ಸಂಜೆ ಮಾವನಿಗೆ ಹೇಳಿದಾಗ ಅವರು ಸಿಡಿದೆದ್ದರು. “ಸೋಡಾ ಹಾಕಿ ನಾನ ನಿಂತು ತೊಳಸೀನಿ! ಅಂಗಡ್ಯಾಗಿನ ಎಲ್ಲಾದ್ರಕಿಂತ ಚಲೋದು ಆರಿಸಿ ಮನಿಗೆ ತಂದೀನಿ. ಮೊಮ್ಮಗಳಿಗೆ ನಾ ವಿಷಾ ಕುಡಿಸೀನೇನು?”

ಆ ಮಾತನ್ನು ನಾನು ಆಡಿರಲಿಲ್ಲ. ತಮ್ಮ ಬಾಯಿಂದಲೇ ಬಂದದ್ದು ಕಿವಿಗೆ ಬಿದ್ದ ಮೇಲೆ ಅವರು ಗೋಡೆ ಹಿಡಿದು ಮೆಟ್ಟಿಲ ಮೇಲೆ ಕೂತರು. ಅಲ್ಲಿಂದಲೇ ಕೇಳಿದರು. “ಮತ್ತ ಮಾರಿದವು?”

ಮರುದಿನ ಅಂಗಡಿ ತೆರೆಯಲಿಲ್ಲ. ಮನೆಯವರೆಲ್ಲರೂ ರಕ್ತ, ಮೂತ್ರ ಪರೀಕ್ಷೆ ಮಾಡಿಸಿದೆವು. ಸದ್ಯಕ್ಕೆ ತೊಂದರೆ ಏನೂ ಕಾಣುತ್ತಿಲ್ಲ, ಮುಂದಿನದನ್ನು ಈಗಲೇ ಹೇಳಲಾಗದು, ವರ್ಷಕ್ಕೊಮ್ಮೆ ಬನ್ನಿ ಎಂದರು ಡಾಕ್ಟರು. ಆ ವಾರವೇ ಮಾವ ಟೆಂಪೋದಲ್ಲಿ ಹೊಚ್ಚ ಹೊಸ ಡ್ರಮ್ಮುಗಳನ್ನು ಹೇರಿಸಿ, ಗೊತ್ತಿದ್ದ ಗಿರಾಕಿಗಳ ಮನೆಗೆ ಹೊರಟರು. ಕಿಟ್ ಹಿಡಿದು ನಾನೂ ಜೊತೆಗೆ ಹೋದೆ.

ಮೊದಲು ಕುಂಭಾರಿ ಹಳ್ಳಿ. ಅಲ್ಲಿ ದಿನಾ ಸೋಲಾಪುರದ ಟವೆಲ್ ಕಾರ್ಖಾನೆಗೆ ಹೋಗಿಬರುವ ಹೆಣ್ಣುಮಗಳೊಬ್ಬಳ ಅಂಗಳದಲ್ಲಿ ನಮ್ಮ ಡ್ರಮ್ ಇತ್ತು. ನೀರು ಪರೀಕ್ಷಿಸಿದೆ. ಕೆಂಪು. ಮಾವ ಕೈ ಜೋಡಿಸಿ ನಿಂತು ಎಲ್ಲವನ್ನೂ ಹೇಳಿದರು. ಅವಳು ಕೂಗಾಡಲಿಲ್ಲ.

“ಮೂಸಿದ್ರ ವಾಸ್ ಬರ್ತೈತಿ ಅಂತ ನಾ ಆಗಲೇ ಹೇಳಿದ್ನಲ್ರಿ ಸಾವಕಾರ್ರ” ಎಂದಳು. “‘ಪ್ಲಾಸ್ಟಿಕ್ ವಾಸ್ ಅದು, ಎರಡ ದಿನಕ್ಕ ಹೋಕ್ಕೈತಿ’ ಅಂದ್ರಿ ನೀವು. ವಾಸ್ ಎಲ್ಲಿ ಹೋಕ್ಕೈತ್ರಿ? ನಮಗ ರೂಢಿ ಆತು, ಅಷ್ಟ.”

ಮಾವ ತಾವೇ ಬಗ್ಗಿ ಡ್ರಮ್ ಉರುಳಿಸಿ ಖಾಲಿ ಮಾಡಿದರು. ಹೊಸ ಡ್ರಮ್ಮನ್ನು ಒಳಗಿಡುವಾಗ ಅವಳು ಅದರೊಳಗೆ ತಲೆ ಹಾಕಿ ಮೂಸಿ ನೋಡಿದಳು. ನಾವು ಅಲ್ಲೇ ನಿಂತಿದ್ದೆವು.

ಟೆಂಪೋ ಹತ್ತಿದ ಮೇಲೆ ಮಾವ ಡ್ರೈವರನಿಗೆ ಅಕ್ಕಲಕೋಟಕ್ಕೆ ನಡೆ ಎಂದರು. ಅಲ್ಲಿ ಗಿರಾಕಿ ಯಾರೂ ಇರಲಿಲ್ಲವಲ್ಲ ಎಂದೆ. ಅವರು ಕಿಟಕಿಯಾಚೆ ನೋಡುತ್ತ ಹೇಳಿದರು. “ಮಾರಿದ್ದಲ್ಲವ್ವಾ. ನಮ್ಮವ್ವನ ಹೆಸರಲೆ ಹಾದ್ಯಾಗ ಒಂದ ಡ್ರಮ್ ಇಟ್ಟೀನಿ. ನಡಕೋತ ಸ್ವಾಮಿಗಳ ದರ್ಶನಕ್ಕ ಹೋಗಾವ್ರು ಕುಡೀಲಿ ಅಂತ.”

ಊರು ಇನ್ನೂ ಸ್ವಲ್ಪ ದೂರವಿರುವಾಗಲೇ, ರಸ್ತೆ ಬದಿಯ ಬೇವಿನ ಮರದ ಕೆಳಗೆ ಆ ಡ್ರಮ್ ಕಂಡಿತು. ಮುದುಕರೊಬ್ಬರು ಅದರ ನಲ್ಲಿ ತಿರುಗಿಸಿ ಲೋಟ ತುಂಬಿಸಿಕೊಳ್ಳುತ್ತಿದ್ದರು. ಟೆಂಪೋ ಪೂರ್ತಿ ನಿಲ್ಲುವ ಮೊದಲೇ ಮಾವ ಇಳಿದು ಓಡಿದರು. ಅವರು ಓಡಿದ್ದನ್ನು ಅದಕ್ಕೂ ಮೊದಲು ನಾನು ಕಂಡಿರಲಿಲ್ಲ. ಹೋದವರೇ ಆ ಮುದುಕರ ಕೈಯ ಲೋಟವನ್ನು ಹೊಡೆದು ಬೀಳಿಸಿದರು.

“ಹುಚ್ಚ ಹಿಡದೈತೇನ ನಿನಗ?” ಎಂದು ಮುದುಕರು ಕಿರುಚಿದರು. ನೆಲದಲ್ಲಿ ಉರುಳುತ್ತಿದ್ದ ಲೋಟ ಎತ್ತಿ ಕೊಟ್ಟು, ನಾನು ಅವರ ಕ್ಷಮೆ ಕೇಳಿದೆ. ಆಮೇಲೆ ಆ ಡ್ರಮ್ಮಿನ ನೀರನ್ನು ನಳಿಕೆಗೆ ತುಂಬಿ, ಟೆಂಪೋದ ಬಾನೆಟ್ ಮೇಲೆ ಹಿಡಿದು ಮೂರು ಹನಿ ಹಾಕಿದೆ. ಕಾದೆವು. ನೀರು ಹಾಗೆಯೇ ತಿಳಿಯಾಗಿತ್ತು.

“ಇನ್ನೊಮ್ಮೆ ನೋಡು” ಎಂದರು ಮಾವ.

ನೋಡಿದೆ.

“ಇನ್ನೊಮ್ಮೆ.”

ಮೂರನೆಯ ಸಲವೂ ಬಣ್ಣ ಬರಲಿಲ್ಲ. ಅದು ಯಾವುದೋ ಅಡುಗೆ ಎಣ್ಣೆ ತುಂಬಿ ಬಂದಿದ್ದ ಡ್ರಮ್ ಇರಬೇಕು. ಮಾವ ಅದನ್ನು ಆರಿಸಿ ಇಟ್ಟಿರಲಿಲ್ಲ, ಅಂದು ಕೈಗೆ ಸಿಕ್ಕಿದ್ದನ್ನು ತಂದಿದ್ದರಂತೆ. ಅವರು ಮರದ ಬುಡದಲ್ಲಿ ಕೂತು ಅತ್ತರು. ಆದರೂ ಆ ಡ್ರಮ್ಮನ್ನು ಅಲ್ಲಿ ಬಿಡಲು ಒಪ್ಪಲಿಲ್ಲ. ಹೊಸದನ್ನಿಟ್ಟು, ನೀರು ತುಂಬಿಸಿಯೇ ಹಿಂತಿರುಗಿದೆವು.

ಈಗ ಅಂಗಡಿಗೆ ರಾಸಾಯನಿಕದ ಡ್ರಮ್ ಬಂದರೆ, ಮಾವ ಅದನ್ನು ಯಾರೂ ನೀರು ತುಂಬಲಾಗದಂತೆ ಗರಗಸದಿಂದ ಎರಡು ಹೋಳು ಮಾಡಿಸುತ್ತಾರೆ. ಮ್ಯಾಡಮ್ ನಮ್ಮ ಕೆಲಸದ ದಾರಿಯನ್ನೇ ಬದಲಿಸಿದರು. ಬಾವಿಗಿಂತ ಮೊದಲು ಮನೆಯೊಳಗಿನ ನೀರು ನೋಡುತ್ತೇವೆ. ಗೊತ್ತಿದ್ದ ಮನೆಗಳಿಂದ ಡ್ರಮ್ಮುಗಳು ವಾಪಸ್ ಬಂದವು. ಸಂತೆಗಳಲ್ಲಿ ಟೆಂಪೋ ನಿಲ್ಲಿಸಿ ಮಾರಿದವುಗಳದ್ದೇ ಸಂಕಟ. ಕೊಂಡವರ ಮುಖ ಮಾವನಿಗೆ ನೆನಪಿಲ್ಲ. ಕೆಲಸದ ಮೇಲೆ ಸಲಗರ ಬುದ್ರುಕದಂಥ ಹಳ್ಳಿಗಳ ಕಡೆ ಹೋದಾಗ, ಬಾಗಿಲ ಮುಂದೆ ನೀಲಿ ಡ್ರಮ್ ಕಂಡ ಮನೆಗಳಲ್ಲೆಲ್ಲ ನಿಂತು, ಒಂದು ಲೋಟ ನೀರು ಕೊಡ್ರಿ ಎಂದು ಕೇಳುತ್ತೇನೆ. ಕುಡಿಯಲು ಎಂದುಕೊಂಡು ಅವರು ನಗುತ್ತ ತಂದುಕೊಡುತ್ತಾರೆ. ಈವರೆಗೆ ಹೀಗೆ ನೀರು ಕೆಂಪಾದ ಎರಡು ಡ್ರಮ್ ಸಿಕ್ಕಿವೆ.