ಬಲಕ್ಕೆ ಎರಡು ನೂಲು

ಎಲೆಕ್ಟ್ರಾನಿಕ್ ಸಿಟಿಯಲ್ಲಿ ನಾನು ಕೆಲಸಕ್ಕಿದ್ದ ಆಫೀಸಿನಲ್ಲಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗಲು ಸೈಕಲ್ ಇಟ್ಟಿದ್ದರು. ಸೇರಿದ ಹೊಸತರಲ್ಲಿ ಜಂಬದಿಂದ ಒಂದನ್ನು ಹತ್ತಿದೆ. ಅದು ಬಲಕ್ಕೆ ಎಳೆದುಕೊಂಡು ಹೋಗಿ ದಾಸವಾಳದ ಬೇಲಿಯೊಳಗೆ ನನ್ನನ್ನು ಇಳಿಸಿತು. ಟೀಮಿನವರೆಲ್ಲ ಕಾಫಿ ಲೋಟ ಹಿಡಿದು ನೋಡುತ್ತಿದ್ದರು. "ಸೈಕಲ್ ಬರಲ್ಲ ಅಂತ ಮೊದ್ಲೇ ಹೇಳ್ಬಾರ್ದಾ" ಅಂದರು. ಅಪ್ಪನ ಸೈಕಲ್ಲಿನಲ್ಲಿ ಒಳಪೆಡಲು ಹೊಡೆದು ಪೀಣ್ಯದ ಕ್ವಾರ್ಟರ್ಸನ್ನೆಲ್ಲ ಸುತ್ತಿದವಳು ನಾನು. ಆದರೂ ಅಂದಿನಿಂದ ನಡೆದೇ ಓಡಾಡಿದೆ. ಅವಮಾನವನ್ನು ನಾನು ಬೇಗ ಮರೆಯುವವಳಲ್ಲ.

ಅಪ್ಪನದು ಹಳೆಯ ಕಾಲದ ಕಪ್ಪು ಸೈಕಲ್, ಅಪ್ಪಟ ಉಕ್ಕು. ಎತ್ತಿ ಮೆಟ್ಟಿಲು ಹತ್ತಿಸುವಷ್ಟರಲ್ಲಿ ತಿಂದದ್ದೆಲ್ಲ ಕರಗುತ್ತಿತ್ತು. ಮದುವೆಯಾದ ಹೊಸತರಲ್ಲಿ ಅಮ್ಮ ಸೈಕಲ್ ಕಲಿಯುತ್ತೇನೆಂದು ಹೊರಟು, ಇಡೀ ಮೈದಾನ ಖಾಲಿ ಇದ್ದರೂ ಅಲ್ಲಿದ್ದ ಒಂದೇ ಲೈಟ್ ಕಂಬಕ್ಕೆ ಗುದ್ದಿದ್ದಳು. ಅಂದಿನಿಂದ ಫ್ರೇಮು ಒಂಚೂರು ತಿರುಚಿಕೊಂಡು ಸೈಕಲ್ ಎಡಕ್ಕೆ ಎಳೆಯುತ್ತಿತ್ತು. ಅಪ್ಪ ಕಾರ್ಖಾನೆಯ ಟೂಲ್ ರೂಮಿನಲ್ಲಿದ್ದವನು, ಮನಸ್ಸು ಮಾಡಿದ್ದರೆ ಒಂದು ಮಧ್ಯಾಹ್ನದಲ್ಲಿ ನೆಟ್ಟಗೆ ಮಾಡಿಸಬಹುದಿತ್ತು. ಯಾರಾದರೂ ಕೇಳಿದರೆ "ಓಡ್ತಾ ಇದೆಯಲ್ಲ" ಅನ್ನುತ್ತಿದ್ದ.

ರಿಟೈರ್ ಆದ ಮೇಲೂ ದಿನಾ ಬೆಳಿಗ್ಗೆ ಅದರಲ್ಲೇ ನಾಗಸಂದ್ರದ ಒಂದು ಹೋಟೆಲಿಗೆ ಹೋಗುತ್ತಿದ್ದ. ಕಾರ್ಖಾನೆಯ ಹಳಬರೆಲ್ಲ ಅಲ್ಲಿ ಸೇರಿ ಬೈ-ಟೂ ಕಾಫಿಗೆ ಅರ್ಧ ದಿನ ಕೂರುತ್ತಿದ್ದರು. ಒಂದು ದಿನ ಅಪ್ಪ ಒಳಗೆ ಕಾಫಿ ಕುಡಿಯುತ್ತಿದ್ದಾಗ ಹೊರಗೆ ಟೆಂಪೋವೊಂದು ರಿವರ್ಸ್ ಬಂದು ಸೈಕಲ್ಲನ್ನು ಗೋಡೆಗೆ ಒತ್ತಿತು. ಹ್ಯಾಂಡಲ್ಲಿನ ಕೆಳಗೆ, ಕೊಳವೆಗಳು ಸೇರುವ ಜಾಗದಲ್ಲಿ ಫ್ರೇಮು ಸೀಳಿತು, ಕೆಳಗಿನ ಕೊಳವೆ ಬಾಗಿತು. ಅಪ್ಪ ಆಟೋದಲ್ಲಿ ಸೈಕಲ್ಲನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮನೆಗೆ ಬಂದ.

ಮೊದಮೊದಲು ನಮಗೆ ನಗು. ಅಪ್ಪ ಹೊತ್ತು ಹೋಗದೆ ಅಡುಗೆಮನೆಗೆ ಬಂದು ಕುಕ್ಕರ್ ಕೂಗಿದ್ದು ಸಾಕೇ ಎಂದು ವಿಚಾರಿಸುವುದು, ಸಾರಿನ ಪುಡಿಯ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸುವುದು. "ಹೇಗಾದ್ರೂ ಮಾಡಿ ನಿಮ್ಮಪ್ಪನ್ನ ಆಚೆ ಕಳ್ಸೇ, ನನ್ ಕೈಲಾಗಲ್ಲ" ಎಂದು ಅಮ್ಮ ನನಗೆ ಆಫೀಸಿಗೆ ಫೋನು ಮಾಡುತ್ತಿದ್ದಳು. ಆಮೇಲೆ ಅವನು ಅಡುಗೆಮನೆಗೆ ಬರುವುದನ್ನೂ ಬಿಟ್ಟ. ಗಡ್ಡ ತೆಗೆಯುವುದನ್ನು ಬಿಟ್ಟ. ಹಳಬರು ಫೋನು ಮಾಡಿದರೆ ಮಲಗಿದ್ದೇನೆಂದು ಹೇಳಿಸುತ್ತಿದ್ದ. ಅಪ್ಪನಿಗೆ ವಯಸ್ಸಾಗಿದೆ ಎಂದು ನನಗೆ ಆಗಲೇ ಮೊದಲ ಸಲ ಅನ್ನಿಸಿದ್ದು, ನಿಜಕ್ಕೂ ಹೆದರಿಕೆಯಾಯಿತು. ಹೊಸ ಸೈಕಲ್ ಕೊಡಿಸುತ್ತೇನೆಂದೆ. "ಅದು ಬಿಟ್ಟು ಬೇರೆ ಹತ್ತಲ್ಲ ಕಣಮ್ಮ" ಅಂದ. ಹಟದಲ್ಲಿ ನಾನು ಯಾರ ಮಗಳು ಎಂದು ಕೇಳಬೇಕಾಗಿಲ್ಲ.

ಸೈಕಲ್ ಅಂಗಡಿಯವರು ಗುಜರಿಗೆ ಹಾಕಿ ಅಂದರು. ಕರೆಂಟ್ ವೆಲ್ಡಿಂಗಿನವರು ಇಷ್ಟು ತೆಳು ಕೊಳವೆಯನ್ನು ಮುಟ್ಟಿದರೆ ತೂತು ಬೀಳುತ್ತದೆ ಅಂದರು. ಕೊನೆಗೆ ಪೀಣ್ಯದಲ್ಲಿ ಸ್ವಂತ ಶೆಡ್ ಹಾಕಿಕೊಂಡಿದ್ದ ಅಪ್ಪನ ಟೂಲ್ ರೂಮಿನ ಸ್ನೇಹಿತರು ಒಪ್ಪಿಕೊಂಡರು. ನಾನು ಅವರನ್ನು ಮಾವ ಅನ್ನುತ್ತಿದ್ದೆ. ಅಳತೆಯಲ್ಲಿ ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ಊಟ ಬಿಡುವ ಮನುಷ್ಯ.

ಗದಗದ ಕಡೆಯ ಒಬ್ಬ ವೆಲ್ಡರ್ ಅವರ ಶೆಡ್ಡಿನಲ್ಲಿದ್ದ. ಅವನು ಗ್ಯಾಸಿನ ಬೆಂಕಿಯಲ್ಲಿ ಹಿತ್ತಾಳೆ ಕಡ್ಡಿ ಕರಗಿಸಿ ಸೀಳಿಗೆ ಕುಡಿಸಿದ. ಮಾವ ಫ್ರೇಮನ್ನು ಕಬ್ಬಿಣದ ಸಪಾಟು ಮೇಜಿನ ಮೇಲೆ ಬಿಗಿದು, ಹಿಂದಿನಿಂದ ಮುಂದಕ್ಕೆ ದಾರ ಕಟ್ಟಿ, ಅಳೆದು, ಬಗ್ಗಿಸಿ, ಮತ್ತೆ ಅಳೆದರು. ಟೆಂಪೋ ಮಾಡಿದ ಗಾಯದ ಜೊತೆಗೆ ಅಮ್ಮನ ಲೈಟ್ ಕಂಬವನ್ನೂ ಅಳಿಸಿಬಿಟ್ಟರು.

ಭಾನುವಾರ ಸೈಕಲ್ ತರಲು ಮೂವರೂ ಹೋದೆವು. ಅಮ್ಮ ಎಲ್ಲರಿಗೂ ಕೋಡುಬಳೆ ಕಟ್ಟಿಕೊಂಡು ಬಂದಿದ್ದಳು. ಅಪ್ಪ ಗಡ್ಡ ತೆಗೆದಿದ್ದ. ಶೆಡ್ಡಿನ ಮುಂದಿನ ಖಾಲಿ ರಸ್ತೆಯಲ್ಲಿ ಹತ್ತಿ ತುಳಿದ. ಸೈಕಲ್ ಬಲಕ್ಕೆ ಹೊರಟು ಎದುರು ಸೈಟಿನ ಮರಳಿನ ರಾಶಿ ಹತ್ತಿ ನಿಂತಿತು. ಮತ್ತೊಮ್ಮೆ ಹತ್ತಿದ. ಮತ್ತೆ ಮರಳು.

"ಏನಯ್ಯ ಮಾಡಿಟ್ಟಿದ್ದೀಯ ಇದನ್ನ?" ಅಪ್ಪ ಪ್ಯಾಂಟು ಕೊಡವುತ್ತ ಕೇಳಿದ.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಅಂದರು ಮಾವ.

ವೆಲ್ಡರ್ ಕೋಡುಬಳೆ ಕಡಿಯುತ್ತ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದ: "ಸೈಕಲ್ ಸೀದಾ ಐತ್ರಿ ಅಕ್ಕಾರ. ಯಜಮಾನ್ರ ಸ್ವಲ್ಪ ಸೊಟ್ಟ ಅದಾರ."

ಅವನ ಮಾತು ನಿಜವಾಗಿತ್ತು. ಎಡಕ್ಕೆ ಎಳೆಯುವ ಸೈಕಲ್ಲನ್ನು ನೇರ ಓಡಿಸಲು ಅಪ್ಪ ಹ್ಯಾಂಡಲ್ಲನ್ನು ಸದಾ ಒಂಚೂರು ಬಲಕ್ಕೆ ಹಿಡಿದೇ ಬಂದಿದ್ದ. ಫ್ರೇಮು ನೆಟ್ಟಗಾದರೂ ಕೈಗೆ ಆ ಸುದ್ದಿ ಮುಟ್ಟಿರಲಿಲ್ಲ. ಮೊದಲಿನ ಹಾಗೆ ಬಗ್ಗಿಸಿಕೊಡು ಎಂದು ಅಪ್ಪ. "ನನ್ ಶೆಡ್ಡಿಂದ ಸೊಟ್ಟ ಪೀಸ್ ಆಚೆ ಹೋಗಲ್ಲ" ಎಂದು ಮಾವ. ಅಪ್ಪ ಮೂರನೇ ಸಲ ಹತ್ತಲಿಲ್ಲ. "ಇಲ್ಲೇ ಇಟ್ಕೊ, ನನಗಿನ್ನು ಬೇಡ" ಎಂದು ಸ್ಟ್ಯಾಂಡ್ ಹಾಕಿ ಕಟ್ಟೆಯ ಮೇಲೆ ಕೂತುಬಿಟ್ಟ. ಅವನ ಮುಖ ನೋಡಿ ನನಗೆ ಮಾವನ ಮೇಲೆ ಕೆಟ್ಟ ಸಿಟ್ಟು ಬಂತು. ಅವರ ತಪ್ಪೇನೂ ಇರಲಿಲ್ಲ, ಆದರೂ ಬಂತು.

ಅಮ್ಮ ಡಬ್ಬಿ ಮುಚ್ಚಿ ಸೈಕಲ್ಲಿನ ಹತ್ತಿರ ಹೋದಳು. "ಅಣ್ಣ, ಫ್ರೇಮ್ ನೆಟ್ಟಗೇ ಇರ್ಲಿ. ಹ್ಯಾಂಡಲ್ ಒಂದನ್ನ ಸಡಿಲ ಮಾಡಿ, ಅವರು ಹಿಡ್ಕೊಳೋ ಹಾಗೆ ಬಲಕ್ಕೆ ತಿರುಗಿಸಿ ಬಿಗಿ ಮಾಡ್ಕೊಡಿ. ಚಕ್ರ ಸೀದಾ ಇರತ್ತಲ್ಲ."

ಮಾವ ಸ್ವಲ್ಪ ಹೊತ್ತು ಮೂಗು ತುರಿಸಿಕೊಂಡರು. ಹ್ಯಾಂಡಲ್ ಫ್ರೇಮಿನ ಲೆಕ್ಕಕ್ಕೆ ಬರುವುದಿಲ್ಲ ಎಂದು ಅವರ ಮನಸ್ಸಿಗೆ ಒಪ್ಪಿಗೆಯಾಗಿರಬೇಕು. ಎರಡು ನೂಲಿನಷ್ಟು, ಅಂದರೆ ಕಾಲಿಂಚು, ಬಲಕ್ಕೆ ತಿರುಗಿಸಿ ನಟ್ಟು ಬಿಗಿದರು. ಅಪ್ಪ ಹತ್ತಿದ. ಮರಳಿನ ರಾಶಿ ದಾಟಿದ. ಮುಖ್ಯರಸ್ತೆಯ ತಿರುವಿನಲ್ಲಿ ಬೆಲ್ ಬಾರಿಸಿ ಕಣ್ಮರೆಯಾದ. ಸೈಕಲ್ ತರಲು ಬಂದವರು ನಾವು ಆಟೋ ಹಿಡಿದು ಮನೆಗೆ ಹೋಗಬೇಕಾಯಿತು. ಅಮ್ಮ ದಾರಿಯುದ್ದಕ್ಕೂ ಕಿಟಕಿಯಿಲ್ಲದ ಆಟೋದಿಂದ ತಲೆ ಹೊರಗೆ ಹಾಕಿ ನೋಡುತ್ತಲೇ ಇದ್ದಳು. ಅಪ್ಪ ಮಾತ್ರ ನೇರ ನಾಗಸಂದ್ರಕ್ಕೆ ಹೋಗಿದ್ದ.

ಆಮೇಲೆ ಟ್ರಾಫಿಕ್ಕಿನಲ್ಲಿ ಪುಣ್ಯಾತ್ಮರು ಯಾರಾದರೂ "ಸಾರ್, ಹ್ಯಾಂಡಲ್ ಸೊಟ್ಟ" ಎಂದು ಎಚ್ಚರಿಸುತ್ತಲೇ ಇದ್ದರು. ಅಪ್ಪ "ಗೊತ್ತು, ಗೊತ್ತು" ಎಂದು ಮುಂದಕ್ಕೆ ಹೋಗುತ್ತಿದ್ದ.

ಒಂದು ರಜೆಯ ದಿನ ಕೊತ್ತಂಬರಿ ಸೊಪ್ಪು ಮುಗಿದಿತ್ತು. ಬಾಗಿಲಲ್ಲಿ ಅದೇ ಸೈಕಲ್ ನಿಂತಿತ್ತು. ಬೇಲಿಗೆ ಬಿದ್ದಾಗಿನಿಂದ ಯಾವ ಸೈಕಲ್ಲನ್ನೂ ಮುಟ್ಟದ ನಾನು ಅದೇನು ಧೈರ್ಯವೋ ಹತ್ತಿಬಿಟ್ಟೆ. ಅದು ಅಂಗಡಿಗೆ ನೇರವಾಗಿ ಹೋಯಿತು, ನೇರವಾಗಿ ವಾಪಸ್ಸು ಬಂತು. ನನ್ನ ಕೈಯೂ ಕಲಿತದ್ದು ಅಪ್ಪನ ಸೊಟ್ಟ ಸೈಕಲ್ಲಿನಲ್ಲೇ ಎಂದು ಆಗ ಹೊಳೆಯಿತು. ಸೊಪ್ಪನ್ನು ಕೈಯಲ್ಲೇ ಹಿಡಿದು, ಪೇಪರ್ ಓದುತ್ತಿದ್ದ ಅಪ್ಪನಿಗೆ ಆಫೀಸಿನ ದಾಸವಾಳದ ಬೇಲಿಯ ಕಥೆಯನ್ನೆಲ್ಲ ಹೇಳಿದೆ.

ಅವನು ಪೇಪರಿನಿಂದ ತಲೆ ಎತ್ತಲಿಲ್ಲ. "ನಮ್ಮಿಬ್ರಿಗೂ ಸೈಕಲ್ ಕಲಿಸಿದ್ದು ನಿಮ್ಮಮ್ಮನೇ ಕಣಮ್ಮ" ಅಂದ.

ಅಡುಗೆಮನೆಯಿಂದ ಅಮ್ಮ ಕೊತ್ತಂಬರಿ ಎಲ್ಲಿ ಎಂದು ಕೂಗಿದಳು.