ನೂರನೇ ದೇಶ ಮತ್ತು ಹೊನ್ನವ್ವನ ಶೇಂಗಾ

ಸಿಂದಗಿಯ ಅಬ್ದುಲರಜಾಕರು ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದವರು, ಸರ್ಕಾರದ ಲೈಸೆನ್ಸ್ ಪಡೆದ ಹ್ಯಾಮ್ ರೇಡಿಯೋ ಹವ್ಯಾಸಿ. ಮಾಳಿಗೆಯ ಮೇಲೆ ತಂತಿ ಎಳೆದು ತೊಂಬತ್ತೊಂಬತ್ತು ದೇಶದವರೊಂದಿಗೆ ಮಾತಾಡಿದ್ದರು. ಮಾತೆಂದರೆ ಏನು ಮಹಾ? ನಿನ್ನ ದನಿ ನನಗೆ ಕೇಳಿತು, ನನ್ನದು ನಿನಗೆ ಕೇಳಿತೇ, ಸರಿ, ನಮಸ್ಕಾರ. ಕುಶಲ ವಿಚಾರಿಸುವುದಿಲ್ಲ, ಊಟಕ್ಕೆ ಕರೆಯುವುದಿಲ್ಲ, ಇದ್ಯಾವ ಸೀಮೆಯ ನೆಂಟಸ್ತನವೆಂದು ಹೆಂಡತಿ ಸಗೀರಾ ಆಡಿಕೊಳ್ಳುತ್ತಿದ್ದರು.

ನೂರು ದೇಶವಾದರೆ ಒಂದು ಸರ್ಟಿಫಿಕೇಟು. ಅದಕ್ಕಾಗಿ ಈ ಪುಣ್ಯಾತ್ಮರು ಜೀವ ಬಿಡುತ್ತಿದ್ದರು. ಆ ವಾರ ದೂರದ ಸಮುದ್ರದ ನಡುಗಡ್ಡೆಯೊಂದಕ್ಕೆ ಹವ್ಯಾಸಿಗಳ ತಂಡ ಹೋಗಿ ರೇಡಿಯೋ ಹೂಡಿತ್ತು; ಹವ್ಯಾಸಿಗಳ ಲೆಕ್ಕದಲ್ಲಿ ಅದೂ ಒಂದು ದೇಶವೇ. ಶನಿವಾರ ಸಂಜೆಗೆ ಅವರು ಗಂಟುಮೂಟೆ ಕಟ್ಟುವವರು. ಅದೇ ವಾರ ಇವರ ರೇಡಿಯೋದಲ್ಲಿ ಸೆಕೆಂಡಿಗೊಮ್ಮೆ ಟಕ್, ಟಕ್, ಟಕ್. ನಡುಗಡ್ಡೆಯ ದನಿ ಅದರಡಿ ಮುಚ್ಚಿಹೋಯಿತು.

ತಲೆ ಕೆಟ್ಟ ಅಬ್ದುಲರಜಾಕರು ಅಲ್ಯೂಮಿನಿಯಂ ಕೊಳವೆಗಳ ಆಂಟೆನಾ ಒಂದು ಕೈಯಲ್ಲಿ, ಪುಟ್ಟ ರೇಡಿಯೋ ಇನ್ನೊಂದರಲ್ಲಿ ಹಿಡಿದು ಓಣಿ ಸುತ್ತಿದರು. ಆಂಟೆನಾ ತಿರುಗಿಸಿದ ಕಡೆ ಸದ್ದು ಜೋರಾದರೆ ಕಳ್ಳ ಅಲ್ಲೇ ಇದ್ದಾನೆಂದು ಲೆಕ್ಕ. ಮೊದಲು ನಿಯಾಜನ ಹಿಟ್ಟಿನ ಗಿರಣಿ ನಿಲ್ಲಿಸಿದರು. ಜೋಳ ಹೊತ್ತು ತಂದಿದ್ದ ಹೆಂಗಸರು ಬಾಯಿಗೆ ಬಂದಂತೆ ಬೈದರು, ಟಕ್ ನಿಲ್ಲಲಿಲ್ಲ. ಕರೆಂಟ್ ಕಳವು ಹಿಡಿಯುವವರು ಬಂದರೆಂದು ನಾಲ್ಕು ಮನೆಯವರು ಗಡಿಬಿಡಿಯಲ್ಲಿ ಲೈನಿನಿಂದ ಹುಕ್ಕು ಇಳಿಸಿದರು. ಓಣಿ ಒಂದು ದಿನದ ಮಟ್ಟಿಗೆ ಪ್ರಾಮಾಣಿಕವಾಯಿತು. ಟಕ್ ಮಾತ್ರ ಹಾಗೇ ಇತ್ತು.

ಶನಿವಾರ ನಾಲ್ಕು ಗಂಟೆಗೆ ಕಳ್ಳ ಸಿಕ್ಕ, ಕನ್ನೊಳ್ಳಿ ರಸ್ತೆಯ ಹೊನ್ನವ್ವನ ಶೇಂಗಾ ಹೊಲದಲ್ಲಿ. ಕಾಡುಹಂದಿ ಬರದಂತೆ ಹೊಲದ ಸುತ್ತ ಎಳೆದಿದ್ದ, ಶೆಡ್ಡಿನ ಮಶೀನು ಸೆಕೆಂಡಿಗೊಮ್ಮೆ ಕರೆಂಟಿನ ಹೊಡೆತ ಕೊಡುವ ಝಟಕಾ ತಂತಿಗೆ ಹುಲ್ಲು ತಾಗಿ ಕಿಡಿ ಹಾರುತ್ತಿತ್ತು. ಹೊನ್ನವ್ವ ಮೋರಟಗಿಯ ಮಗಳ ಮನೆಗೆ ಹೊರಟು ನಿಂತಿದ್ದಳು. ನಾಳೆ ಬಂದು ಹುಲ್ಲು ಕೊಯ್ಯುತ್ತೇನೆ ಅಂದಳು. ನಾಳೆ ಯಾರಿಗೆ ಬೇಕು? ನಡುಗಡ್ಡೆಯವರು ಸಂಜೆಗೆ ಹೋಗಿಬಿಡುತ್ತಾರೆ, ಒಂದೇ ತಾಸು ಮಶೀನು ಬಂದ್ ಇರಲೆಂದು ಇವರು ಅಂಗಲಾಚಿದರು.

"ಹೊತ್ತು ಮುಳುಗಿದ್ರ ಹಂದಿ ಬರ್ತಾವ್ರಿ ಅಣ್ಣಾರ. ತಿರುಗಿ ಚಾಲೂ ಮಾಡೋದು ಮರೀಬ್ಯಾಡ್ರಿ," ಎಂದು ಅವಳು ಶೆಡ್ಡಿನ ಕೀಲಿ ಕೊಟ್ಟಳು.

"ಮಶೀನಿನಾಗ ಜೀವ ತೇಯ್ದಾಂವಗ ಹೇಳ್ತೀಯೇನವಾ?" ಅಂದರು ಅಬ್ದುಲರಜಾಕರು.

ಮಶೀನು ಬಂದ್ ಮಾಡಿ, ಸ್ಕೂಟರಿನಲ್ಲಿ ಮನೆಗೆ ಬಂದು ಮುಕ್ಕಾಲು ತಾಸು ಗಂಟಲು ಹರಿದುಕೊಂಡರು. ಕೊನೆಗೂ ನಡುಗಡ್ಡೆಯಿಂದ ಉತ್ತರ ಬಂತು. ನೂರಾಯಿತು! ಮನುಷ್ಯ ಕುರ್ಚಿ ಬಿಟ್ಟು ಕುಣಿದ. ಇಂಡಿ, ಮುದ್ದೇಬಿಹಾಳದ ಗೆಳೆಯರಿಗೆ ಫೋನ್ ಮಾಡಿದ, ಪೇಟೆಗೆ ಹೋಗಿ ಪೇಢೆ ತಂದ, ಬೈದ ಹೆಂಗಸರಿಗೂ ಹಂಚಿದ. ಕೀಲಿ ಜೇಬಿನಲ್ಲೇ ಉಳಿಯಿತು.

ಮರುದಿನ ಹೊನ್ನವ್ವ ಬಾಗಿಲಿಗೆ ಬಂದಳು. ಹಂದಿಗಳು ಹೊಲವನ್ನು ಉತ್ತಿಟ್ಟಂತೆ ಕೆದರಿ, ಕಾಯಿ ತಿಂದು ಹೋಗಿದ್ದವು. ಅವಳು ಕೂಗಾಡಲಿಲ್ಲ. ಸಗೀರಾ ಕೊಟ್ಟ ನೀರನ್ನೂ ಮುಟ್ಟಲಿಲ್ಲ.

"ಏನಂದ್ರು ಆ ನಡುಗಡ್ಡ್ಯಾವ್ರು?"

"ಐದು, ಒಂಬತ್ತು ಅಂದ್ರು. ದನಿ ಛಲೋ ಕೇಳಸ್ತೈತಿ ಅಂತ ಅದರ ಅರ್ಥ."

"ಮತ್ತೇನಂದ್ರು?"

"ಅಷ್ಟ."

"ಅಷ್ಟ ಕೇಳಾಕ ನನ್ನ ಎರಡ ಎಕರೆ ಶೇಂಗಾ ಹಂದಿಗಿ ಹಾಕಿದ್ರೇನ್ರಿ ಅಣ್ಣಾರ?"

ಅಬ್ದುಲರಜಾಕರು ನಾಚಿಕೆಯಿಂದ ಹಿಡಿಯಷ್ಟಾದರು. ಎರಡು ತಿಂಗಳಿಗೆ ಸರ್ಟಿಫಿಕೇಟು ಬಂತು. ಅದನ್ನು ತೂಗುಹಾಕಲು ಸಗೀರಾ ಮನೆಯ ಯಾವ ಗೋಡೆಗೂ ಮೊಳೆ ಹೊಡೆಯಗೊಡಲಿಲ್ಲ.