ದೊಡ್ಡ ಅಕ್ಕೋರ ಕೆಂಪು ದಾರ

ನಾನು ಕಂಡ ಮನುಷ್ಯರಲ್ಲಿ ಬೆವರದೇ ಇದ್ದವರು ದೊಡ್ಡ ಅಕ್ಕೋರು ಒಬ್ಬರೇ. ಮಣಿಕಟ್ಟಿನವರೆಗೆ ತೋಳಿರುವ ಬಿಳಿ ಕುಪ್ಪಸ, ಹೆಗಲ ತುಂಬ ಹೊದ್ದ ಸೆರಗು, ಹಣೆಯ ಮೇಲೆ ಕಾಸಗಲ ಕುಂಕುಮ. ಸುಡು ಬೇಸಿಗೆಯ ಮಧ್ಯಾಹ್ನದಲ್ಲೂ ಆ ಕುಂಕುಮ ಒಂದೆಳೆ ಜಾರುತ್ತಿರಲಿಲ್ಲ. ನಮ್ಮದೆಲ್ಲ ಅಷ್ಟೊತ್ತಿಗೆ ಮೂಗಿನ ತುದಿಗೆ ಇಳಿದಿರುತ್ತಿತ್ತು. ಅವರ ಮೇಲ್ದುಟಿಯ ಮೇಲೆ ಒಂದೇ ಒಂದು ಹನಿ ಕಾಣಲಿ ಎಂದು ನಾನು ಕಾದದ್ದುಂಟು. ನನಗೂ ಅವರಿಗೂ ಅಷ್ಟು ಆಗುತ್ತಿರಲಿಲ್ಲ.

ಅರವತ್ತರ ದಶಕದ ಆರಂಭ. ಕಾಗದದ ಕಾರ್ಖಾನೆ ಬಂದ ಮೇಲೆ ದಾಂಡೇಲಿ ತೊಟ್ಟ ಅಂಗಿ ಹರಿಯುವಷ್ಟು ಬೆಳೆದಿತ್ತು. ಹೆಣ್ಣುಮಕ್ಕಳ ಶಾಲೆಯ ಹಂಚಿನ ಕಟ್ಟಡ ಸಾಲದೆ ಹಿಂದುಗಡೆ ಒಂದು ತಗಡಿನ ಕೋಣೆ ಎಬ್ಬಿಸಿ, ಅದರೊಳಗೆ ಮೂರನೆಯ ಇಯತ್ತೆಯನ್ನು ನೂಕಿದ್ದರು. ಆ ಇಯತ್ತೆಗೆ ಹೊಸದಾಗಿ ಬಂದ ಸಣ್ಣ ಅಕ್ಕೋರು ನಾನು. ಮುಖ್ಯಾಧ್ಯಾಪಕಿಯಾದ್ದರಿಂದ ಅವರು ದೊಡ್ಡ ಅಕ್ಕೋರು. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಅದು ಅವರ ಕೈಯಲ್ಲಿತ್ತು.

ಆ ವರ್ಷ ಹವೆ ನಮ್ಮೂರಿನ ಮೇಲೆ ಹಗೆ ಸಾಧಿಸಿತು. ದೀಪಾವಳಿಗೆ ಬರಬೇಕಾದ ಚಳಿ ಬರಲಿಲ್ಲ. ಕಾಳಿ ನದಿಯಿಂದ ಎದ್ದು ಬೀದಿ ತುಂಬುತ್ತಿದ್ದ ಮುಂಜಾನೆಯ ಮಂಜು ಒಂದು ದಿನವೂ ಕಾಣಲಿಲ್ಲ. ಸಂಕ್ರಾಂತಿಗೂ ಕೌದಿಗಳು ಟ್ರಂಕಿನಿಂದ ಹೊರಬೀಳಲಿಲ್ಲ. ಗಾಳಿ ಸತ್ತುಹೋಗಿ, ಕಾರ್ಖಾನೆಯಲ್ಲಿ ಬಿದಿರು ಬೇಯಿಸುವ ವಾಸನೆ ಅಡುಗೆಮನೆಗಳಲ್ಲೇ ಬಂದು ಕೂತುಬಿಟ್ಟಿತು. ಶಿವರಾತ್ರಿಗೆ ಮುಂಚೆಯೇ ನನ್ನ ಕೋಣೆಯ ತಗಡು ಮುಟ್ಟಿದರೆ ಕೈ ಚುರ್ರೆನ್ನುತ್ತಿತ್ತು.

ಬಿಸಿಲು ಏರಿದಾಗ ಬೆಳಗಿನ ಶಾಲೆ ಮಾಡುವುದು ನಮ್ಮ ಕಡೆಯ ವಾಡಿಕೆ. ಅದು ಯಾವತ್ತಿನಿಂದ ಎನ್ನುವುದನ್ನು ಬೇರೆ ಶಾಲೆಗಳಲ್ಲಿ ಹಿರಿಯರು ಅಂಗಳಕ್ಕೆ ಬಂದು ಆಕಾಶ ನೋಡಿ ಹೇಳುತ್ತಿದ್ದರು. ದೊಡ್ಡ ಅಕ್ಕೋರು ಹಾಗಲ್ಲ. ಬೇವಿನ ಮರಕ್ಕೆ ಒಂದು ಥರ್ಮಾಮೀಟರ್ ತೂಗುಹಾಕಿ, ನೂರು ಡಿಗ್ರಿ ಫ್ಯಾರನ್‌ಹೀಟಿನ ಗೆರೆಗೆ ಕೆಂಪು ದಾರ ಕಟ್ಟಿದ್ದರು. ಪಾದರಸ ಸತತ ಮೂರು ದಿನ ದಾರ ಮುಟ್ಟಬೇಕು, ಆಮೇಲೆ ಬೆಳಗಿನ ಶಾಲೆ. ದಿನಾ ಎರಡು ಗಂಟೆಗೆ ಕೊಡೆ ಹಿಡಿದು ಬಂದು ನೋಡಿ, ಪಡಸಾಲೆಯ ಹಲಗೆಯ ಮೇಲೆ ಅಂಕಿ ಬರೆದು, ತಮ್ಮ ಹಂಚಿನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರು. ಮಹಾರಾಣಿ ಎಂದು ನಾನು ಹೆಸರಿಟ್ಟಿದ್ದೆ.

ತೊಂಬತ್ತಾರು. ತೊಂಬತ್ತೇಳು. ಮತ್ತೆ ತೊಂಬತ್ತಾರು. ಯಾಕೆಂದರೆ ಅದೇ ಮರದ ಬುಡದಲ್ಲಿ ಹಸಿ ಗೋಣಿತಾಟು ಸುತ್ತಿದ ಕುಡಿಯುವ ನೀರಿನ ಹರವಿಗಳಿದ್ದವು. ಥರ್ಮಾಮೀಟರ್ ಅವುಗಳ ಕೊರಳಿಗೆ ತಾಗುವಂತೆ ತೂಗುತ್ತಿತ್ತು. ಇಷ್ಟು ಓದಿದವರಿಗೆ ಇದು ಹೊಳೆಯಬಾರದೇ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಮಧ್ಯಾಹ್ನ, ಬಿದಿರು ಹೇರುವವರ ಮನೆಯ ಹುಡುಗಿಯೊಬ್ಬಳು ಮಗ್ಗಿ ಹೇಳುತ್ತ ನಿಂತಿದ್ದಳು. ಅವಳ ಮೂಗಿನಿಂದ ಪಾಟಿಯ ಮೇಲೆ ರಕ್ತ ತೊಟ್ಟಿಕ್ಕಿತು. ನೆತ್ತಿಗೆ ನೀರು ತಟ್ಟಿ ಅವಳನ್ನು ನೆರಳಲ್ಲಿ ಕೂರಿಸಿ, ನೆಟ್ಟಗೆ ದೊಡ್ಡ ಅಕ್ಕೋರ ಕೋಣೆಗೆ ಹೋದೆ.

"ನಾಳಿಂದ ಮುಂಜಾನಿ ಸಾಲಿ ಮಾಡ್ರಿ," ಎಂದೆ.

"ದಾರ ಮುಟ್ಟಿಲ್ಲ," ಎಂದರು, ತಲೆ ಎತ್ತದೆ.

"ಹುಡುಗಿ ಮೂಗಿನ್ಯಾಗಿಂದ ರಕ್ತ ಬಂದೈತ್ರೀ."

"ತಣ್ಣೀರು ಹಾಕ್ರಿ. ಮನಿಗೆ ಕಳಸ್ರಿ. ದಾರ ಮುಟ್ಟಲಿ."

ಮರುದಿನ ನಾನು ಮಾಡಿದ್ದನ್ನು ಹೇಳಲು ಈಗ ನಾಚಿಕೆಯಿಲ್ಲ. ಅವರು ಬರುವ ಮುಂಚೆಯೇ ಥರ್ಮಾಮೀಟರ್ ಬಿಚ್ಚಿ ತಂದು ನನ್ನ ಕೋಣೆಯ ಗೋಡೆಗೆ ಹಾಕಿದೆ. ಎರಡು ಗಂಟೆಗೆ ಪಾದರಸ ದಾರ ದಾಟಿ ಮೇಲೆ ನಿಂತಿತ್ತು. ಅವರು ಹುಡುಕಿಕೊಂಡು ಬಂದರು.

"ಯಾರನ್ನ ಕೇಳಿ ಬಿಚ್ಚಿದ್ರಿ?"

"ಹರವಿ ಮಗ್ಗಲಕ ಹಾಕಿದ್ರ ಅದು ಹರವಿ ಸೆಕಿ ಹೇಳತೈತ್ರೀ, ಹುಡುಗ್ಯಾರ ಸೆಕಿ ಅಲ್ಲ," ಎಂದೆ. ನನ್ನ ನಾಲಿಗೆ ಅಷ್ಟಕ್ಕೇ ನಿಲ್ಲಲಿಲ್ಲ. "ನೀವ ಒಂದು ಮಧ್ಯಾಹ್ನ ಇಲ್ಲಿ ಕೂತು ನೋಡ್ರಿ. ಆಮ್ಯಾಲೆ ದಾರದ ಮಾತಾಡೂಣು."

ಅವರು ತಗಡನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. "ಹುಡುಗ್ಯಾರನ್ನ ಬೇವಿನ ಗಿಡದ ಬುಡಕ ಕರಕೊಂಡು ಹೋಗ್ರಿ," ಎಂದು ನನ್ನ ಕುರ್ಚಿ ಎಳೆದುಕೊಂಡು ಕೂತರು.

ನೆರಳಲ್ಲಿ ಪಾಠ ಮಾಡುತ್ತ ನಾನು ಆ ಬಾಗಿಲ ಕಡೆಗೇ ಕಣ್ಣಿಟ್ಟಿದ್ದೆ. ಈಗ ಎದ್ದಾರು, ಈಗ ಎದ್ದಾರು. ಅವರ ಮುಖ ಮೊದಲು ಕೆಂಪಾಯಿತು, ಆಮೇಲೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಬೆವರು ಮಾತ್ರ ಇಲ್ಲ. ಎಂಥ ಸೊಕ್ಕು ಎಂದುಕೊಂಡೆ. ನನಗೆ ಖುಷಿಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಐದರ ಗಂಟೆ ಬಾರಿಸಿದಾಗ ಅವರು ಏಳಲು ಹೋಗಿ ಕರಿಹಲಗೆಯ ಕಡೆಗೆ ವಾಲಿ ಬಿದ್ದರು.

ಆಸ್ಪತ್ರೆಯಲ್ಲಿ ಡಾಕ್ಟರು ನನ್ನ ಮೇಲೆ ಹರಿಹಾಯ್ದರು. "ಇವರಿಗೆ ಹುಟ್ಟಾ ಬೆವರು ಬರೂದಿಲ್ಲ. ಮೈಯಾಗಿನ ಕಾವು ಹೊರಗ ಹೋಗೂದಿಲ್ಲ. ಇಂಥವರನ್ನ ತಗಡಿನ ಖೋಲ್ಯಾಗ ಕೂಡ್ರಿಸಿದವರು ಯಾರು?"

ಎರಡನೆಯ ದಿನ ಅವರಿಗೆ ಮಾತಾಡುವಷ್ಟು ಚೇತರಿಕೆಯಾಯಿತು. ಒದ್ದೆ ಬಟ್ಟೆ ಹೊದ್ದು ಮಲಗಿದ್ದರು.

"ಮೊದಲ ಹೇಳಬಾರದಿತ್ತೇನ್ರೀ?" ಎಂದೆ. "ಮುಂಜಾನಿ ಸಾಲಿ ಎಲ್ಲಾರಿಗಿಂತ ನಿಮಗ ಬೇಕಾಗಿತ್ತಲ್ಲರೀ?"

"ಅದಕ್ಕ ದಾರ ಕಟ್ಟಿದ್ದೆ," ಎಂದರು. "ನನ್ನ ಮೈ ಸಲುವಾಗಿ ಸಾಲಿ ಹೊತ್ತು ಬದಲಿ ಮಾಡಿದ್ನೇನೋ ಅಂತ ನನಗ ಅನುಮಾನ ಬರಬಾರದು. ದಾರಕ್ಕ ಮೈ ಇಲ್ಲ." ಒದ್ದೆ ಬಟ್ಟೆಯನ್ನು ಕೊರಳವರೆಗೆ ಎಳೆದುಕೊಂಡರು. "ನಾಳಿಂದ ಮುಂಜಾನಿ ಸಾಲಿ ಅಂತ ಎಲ್ಲಾರಿಗೂ ಹೇಳ್ರಿ. ಆದ್ರ ನೀವು ನನ್ನ ಕೇಳದ ಅದನ್ನ ಬಿಚ್ಚಿದ್ದು ತಪ್ಪು. ಶೇರಾ ಪುಸ್ತಕದಾಗ ಬರೀತೇನಿ."

ಬರೆದರು. ಶಾಲೆಯಲ್ಲಿ ಯಾರು ಏನು ತಪ್ಪು ಮಾಡಿದರೆಂದು ಮೇಲಿನ ಸಾಹೇಬರು ಬಂದು ಓದುವ ಪುಸ್ತಕ ಅದು. ನನ್ನ ಕಾಯಂ ಆದೇಶ ಒಂದು ವರ್ಷ ಮುಂದೆ ಹೋಯಿತು.

ಆ ಸಲ ಮಳೆಯೂ ತಡವಾಗಿ ಬಂತು, ಬಂದರೂ ತಂಪಾಗಲಿಲ್ಲ. ಶ್ರಾವಣದಲ್ಲೂ ಬೀಸಣಿಕೆ ಕೈಬಿಡಲಿಲ್ಲ. ಅಷ್ಟೂ ತಿಂಗಳು ನಾವಿಬ್ಬರೂ ಕೆಲಸದ ಮಾತು ಬಿಟ್ಟು ಒಂದು ಮಾತೂ ಆಡಲಿಲ್ಲ. ಮುಂದಿನ ದೀಪಾವಳಿಗೆ ನದಿಯ ಮಂಜು ಮರಳಿ ಬಂದ ವಾರವೇ ಅವರಿಗೆ ಮುಂಡಗೋಡಕ್ಕೆ ವರ್ಗವಾಯಿತು. ಬಸ್ಸು ಹತ್ತಿಸಲು ಎಲ್ಲರೂ ಹೋದರು, ನಾನು ಹೋಗಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಅದೇ ಶಾಲೆಗೆ ನಾನೇ ದೊಡ್ಡ ಅಕ್ಕೋರಾದೆ. ಕಪಾಟು ಝಾಡಿಸುವಾಗ ಆ ಶೇರಾ ಪುಸ್ತಕ ಸಿಕ್ಕಿತು. ನನ್ನ ತಪ್ಪಿಗೆ ಒಂದು ಸಾಲು. ಅದರ ಕೆಳಗೆ ಅವರದೇ ಅಕ್ಷರದಲ್ಲಿ ಒಂದು ಇಡೀ ಪುಟ: ಥರ್ಮಾಮೀಟರನ್ನು ನೀರಿನ ಪಕ್ಕ ತೂಗುಹಾಕಿದ್ದು, ಅಂಕಿ ನಂಬಿ ಮಕ್ಕಳ ಮುಖ ನೋಡದೆ ಇದ್ದದ್ದು, ಆ ಹುಡುಗಿಯ ಹೆಸರು, ಅವಳ ಪಾಟಿಯ ಮೇಲೆ ಬಿದ್ದ ರಕ್ತ. 'ಇದೆಲ್ಲ ಮುಖ್ಯಾಧ್ಯಾಪಕಿಯ ತಪ್ಪು' ಎಂದು ಬರೆದು ಸಹಿ ಮಾಡಿದ್ದರು. ಅವರ ವರ್ಗ ಯಾಕಾಯಿತೆಂದು ಆಗ ತಿಳಿಯಿತು.

ಅವರು ತೀರಿಕೊಂಡ ಸುದ್ದಿ ಒಂದು ಚಳಿಗಾಲದಲ್ಲಿ ಬಂತು. ಸದ್ಯ, ಬಿಸಿಲಿನ ಕೈಗೆ ಸಿಗಲಿಲ್ಲವಲ್ಲ ಎಂದು ಮೊದಲು ಅನ್ನಿಸಿತು, ಆಮೇಲೆ ಅಳು ಬಂತು. ನನ್ನ ಒಂದು ವರ್ಷ ತಿಂದ ಆ ಒಂದು ಸಾಲನ್ನು ನಾನು ಇನ್ನೂ ಕ್ಷಮಿಸಿಲ್ಲ. ಆದರೆ 'ಕೂತು ನೋಡ್ರಿ' ಎಂದು ಮತ್ತೆ ಯಾರಿಗೂ ಹೇಳಲಿಲ್ಲ. ನೌಕರಿ ಮುಗಿಯುವವರೆಗೂ ಪ್ರತಿ ಬೇಸಿಗೆಯಲ್ಲಿ, ಥರ್ಮಾಮೀಟರ್ ನೋಡುವ ಮುಂಚೆ, ಆ ತಗಡಿನ ಕೋಣೆಯಲ್ಲಿ ಒಂದು ಮಧ್ಯಾಹ್ನ ನಾನೇ ಹೋಗಿ ಕೂರುತ್ತಿದ್ದೆ.